ಮನೆಯಲ್ಲೇ ಕೂತು ಎಮರ್ಜೆನ್ಸಿ ಕೇರ್ ಡಿಗ್ರಿ ಮಾಡಬಹುದಾ?

ಓದುಗರ ಪ್ರಶ್ನೆ: ನಾನು ಶಿಗ್ಗಾವಿ ತಾಲ್ಲೂಕಿನವನು, ವಯಸ್ಸು 26. ಪಿಯುಸಿ ಸೈನ್ಸ್‌ನಲ್ಲಿ ಶೇ 54 ಬಂದಿತ್ತು. ಅಪ್ಪ ತೀರಿಕೊಂಡರು, ಓದು ಅಲ್ಲಿಗೇ ನಿಂತಿತು. ಐದು ವರ್ಷದಿಂದ ಹುಬ್ಬಳ್ಳಿಯಲ್ಲಿ ಖಾಸಗಿ ಆಂಬುಲೆನ್ಸ್‌ನಲ್ಲಿ ಇದ್ದೇನೆ. ಮೊದಲು ಡ್ರೈವರ್ ಆಗಿದ್ದೆ, ಈಗ ಹಿಂದೆ ಪೇಷಂಟ್ ಜೊತೆ ಕೂರುತ್ತೇನೆ. ಟ್ರೇನಿಂಗ್ ಅಂತ ಏನೂ ಆಗಿಲ್ಲ, ನೋಡಿ ನೋಡಿ ಕಲಿತದ್ದು. ಇಲ್ಲಿ ಒಂದು ಆಫೀಸಿನವರು ಹೊರರಾಜ್ಯದ ಯೂನಿವರ್ಸಿಟಿಯಿಂದ ಡಿಸ್ಟನ್ಸ್‌ನಲ್ಲಿ ‘ಬಿಎಸ್‌ಸಿ ಎಮರ್ಜೆನ್ಸಿ ಮೆಡಿಕಲ್ ಕೇರ್’ ಡಿಗ್ರಿ ಕೊಡಿಸುತ್ತೇವೆ ಅಂತಾರೆ. ಕ್ಲಾಸಿಗೆ ಹೋಗಬೇಕಿಲ್ಲ, ವರ್ಷಕ್ಕೊಂದು ಪರೀಕ್ಷೆ. ಅನುಭವ ಇರುವುದರಿಂದ ಹಿಂದಿನ ವರ್ಷದ ಅಡ್ಮಿಷನ್ ತೋರಿಸಿ ಒಂದೂವರೆ ವರ್ಷದಲ್ಲಿ ಮುಗಿಸಿಕೊಡುತ್ತಾರಂತೆ. ಒಟ್ಟು 1.20 ಲಕ್ಷ ರೂಪಾಯಿ. 15 ಸಾವಿರ ಅಡ್ವಾನ್ಸ್ ಕೊಟ್ಟಿದ್ದೇನೆ. ಎಸ್ಸೆಸ್ಸೆಲ್ಸಿ, ಪಿಯುಸಿ ಒರಿಜಿನಲ್ ಮಾರ್ಕ್ಸ್ ಕಾರ್ಡೂ ಅವರ ಹತ್ತಿರವೇ ಇವೆ. ಉಳಿದ ಹಣಕ್ಕೆ ಅವ್ವ ತನ್ನ ಬೋರಮಾಳ ಒತ್ತೆ ಇಡುತ್ತೇನೆ ಅಂತಿದ್ದಾಳೆ. ಈ ಡಿಗ್ರಿಯಿಂದ 108ರಲ್ಲಿ ಅಥವಾ ದುಬೈನಲ್ಲಿ ಕೆಲಸ ಸಿಗುತ್ತಾ?

ಇನ್ನೊಂದು ಮಾತು. ಹೋದ ಮಳೆಗಾಲದಲ್ಲಿ ಬಂಕಾಪುರದ ಹತ್ತಿರ ಬೈಕಿನಿಂದ ಬಿದ್ದ ಹುಡುಗನನ್ನು ಹುಬ್ಬಳ್ಳಿಗೆ ತರುತ್ತಿದ್ದೆವು. ಎಚ್ಚರ ಇರಲಿಲ್ಲ. ದಾರಿಯಲ್ಲಿ ವಾಂತಿ ಮಾಡಿಕೊಂಡ. ನಾನು ಮಗ್ಗುಲಿಗೆ ತಿರುಗಿಸಿದೆ. ಕುತ್ತಿಗೆಗೆ ಪೆಟ್ಟಾಗಿದ್ದರೆ ತಿರುಗಿಸಬಾರದಿತ್ತು ಅಂತ ಆಮೇಲೆ ಒಬ್ಬರು ಬೈದರು. ನಾನು ಮಾಡಿದ್ದು ಸರಿಯಾ ತಪ್ಪಾ ಅಂತ ಇವತ್ತಿಗೂ ಗೊತ್ತಾಗಿಲ್ಲ.

ಉತ್ತರ: ಬೋರಮಾಳ ಒತ್ತೆ ಇಡಬೇಡಿ. ಮೊದಲು ಅದನ್ನು ಹೇಳಿಬಿಡುತ್ತೇನೆ, ಉಳಿದದ್ದನ್ನು ನಿಧಾನವಾಗಿ ಮಾತಾಡೋಣ.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೇಲ್ನೋಟಕ್ಕೆ ಇದು ಡಿಗ್ರಿಯ ಪ್ರಶ್ನೆ. ಒಳಗಿರುವ ಚಿಂತೆ ಬೇರೆ ಅನಿಸಿತು. ಐದು ವರ್ಷ ಜೀವ ಉಳಿಸುವ ಕೆಲಸ ಮಾಡಿದ್ದೀರಿ. ಆದರೆ ಕೈಯಲ್ಲಿ ಒಂದು ಕಾಗದ ಇಲ್ಲ. ಅದಕ್ಕಿಂತ ಜಾಸ್ತಿ, ಮಾಡಿದ್ದು ಸರಿಯಾಗಿತ್ತು ಅನ್ನುವ ಧೈರ್ಯವೂ ಇಲ್ಲ. ಈ ಎರಡೂ ಕೊರತೆಯನ್ನು ಒಂದೇ ಕಾಗದ ತುಂಬಿಕೊಡುತ್ತದೆ ಅಂತ ಆ ಆಫೀಸಿನವರು ನಿಮ್ಮನ್ನು ನಂಬಿಸಿದ್ದಾರೆ. ನಾನು ಇಪ್ಪತ್ತು ವರ್ಷದಿಂದ ತುರ್ತು ಚಿಕಿತ್ಸಾ ವಿಭಾಗದಲ್ಲಿ ಇದ್ದೇನೆ, ಪ್ಯಾರಾಮೆಡಿಕಲ್ ಹುಡುಗ ಹುಡುಗಿಯರಿಗೆ ಪಾಠ ಮಾಡುತ್ತೇನೆ. ಆ ಕಾಗದ ಎರಡರಲ್ಲಿ ಒಂದನ್ನೂ ತುಂಬುವುದಿಲ್ಲ. ಯಾಕೆ ಅಂತ ಹೇಳುತ್ತೇನೆ.

ಅವರು ನಿಮಗೆ “ಯುಜಿಸಿ ಮಾನ್ಯತೆ ಇದೆ” ಅಂತ ಒಂದು ಪ್ರಿಂಟ್ ತೋರಿಸಿರಬೇಕು. ಎಲ್ಲರಿಗೂ ಅದನ್ನೇ ತೋರಿಸುತ್ತಾರೆ. ಅದು ಸುಳ್ಳು ಅಂತ ನಾನು ಹೇಳುವುದಿಲ್ಲ. ಯೂನಿವರ್ಸಿಟಿಗೆ ಮಾನ್ಯತೆ ಇರಬಹುದು. ಆದರೆ ಯೂನಿವರ್ಸಿಟಿಗೆ ಮಾನ್ಯತೆ ಇರುವುದು ಬೇರೆ, ಈ ಕೋರ್ಸಿಗೆ ಇರುವುದು ಬೇರೆ, ಈ ಕೋರ್ಸನ್ನು ಡಿಸ್ಟನ್ಸ್‌ನಲ್ಲಿ ಕಲಿಸಲು ಅನುಮತಿ ಇರುವುದು ಮತ್ತೂ ಬೇರೆ. ಮೂರು ಬೀಗ ಇರುವ ಬಾಗಿಲಿಗೆ ಒಂದೇ ಕೀಲಿ ತೋರಿಸಿದ ಹಾಗೆ ಇದು.

ಮೂರನೇ ಬೀಗ ನಿಮ್ಮ ವಿಷಯದಲ್ಲಿ ತೆಗೆಯುವುದೇ ಇಲ್ಲ. ದೂರಶಿಕ್ಷಣಕ್ಕೆ ಯುಜಿಸಿಯ 2020ರ ನಿಯಮಾವಳಿ ಇದೆ. ವೈದ್ಯಕೀಯ, ನರ್ಸಿಂಗ್, ಫಿಸಿಯೋಥೆರಪಿ, ಫಾರ್ಮಸಿ ಇಂಥ ವಿಷಯಗಳನ್ನು ದೂರಶಿಕ್ಷಣದಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ ಕೊಡುವಂತಿಲ್ಲ ಅಂತ ಅದರಲ್ಲೇ ಇದೆ. 2021ರಲ್ಲಿ ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳಿಗೆ, ಅಂದರೆ ಲ್ಯಾಬ್, ಎಕ್ಸ್‌ರೇ, ಫಿಸಿಯೋಥೆರಪಿ ಇಂಥ ಕೆಲಸಗಳಿಗೆ ಅಂತಲೇ ಸಂಸತ್ತು ಒಂದು ರಾಷ್ಟ್ರೀಯ ಆಯೋಗದ ಕಾಯ್ದೆ ಮಾಡಿತು. ಅದರ ಪಟ್ಟಿಯಲ್ಲಿ ಎಮರ್ಜೆನ್ಸಿ ಮೆಡಿಕಲ್ ಟೆಕ್ನಾಲಜಿಸ್ಟ್, ಅಂದರೆ ಪ್ಯಾರಾಮೆಡಿಕ್, ಹೆಸರು ಹಿಡಿದು ಸೇರಿದೆ. ಆಮೇಲೆ 2025ರ ಆಗಸ್ಟ್‌ನಲ್ಲಿ ಯುಜಿಸಿ ಇನ್ನೂ ಬಿಡಿಸಿ ಹೇಳಿತು. ಈ ಕಾಯ್ದೆಯ ಅಡಿ ಬರುವ ಯಾವ ಕೋರ್ಸನ್ನೂ 2025ರ ಜುಲೈ-ಆಗಸ್ಟ್ ಅವಧಿಯಿಂದ ಮುಂದಕ್ಕೆ ದೂರಶಿಕ್ಷಣ ಅಥವಾ ಆನ್‌ಲೈನ್‌ನಲ್ಲಿ ನಡೆಸುವಂತಿಲ್ಲ. ಹೀಗಾಗಿ ಇವತ್ತು ಯಾರಾದರೂ ಹೊಸದಾಗಿ ಅಡ್ಮಿಷನ್ ಕೊಡುತ್ತೇವೆ ಅಂದರೆ ಅವರ ಕೈಯಲ್ಲಿ ಇಲ್ಲದ್ದನ್ನು ಮಾರುತ್ತಿದ್ದಾರೆ.

“ಹಿಂದಿನ ವರ್ಷದ ಅಡ್ಮಿಷನ್ ತೋರಿಸುತ್ತೇವೆ” ಅನ್ನುವುದು ಯಾಕೆ ಅಂತ ಈಗ ನಿಮಗೇ ಗೊತ್ತಾಗುತ್ತದೆ ಅಲ್ವಾ? ಈ ವರ್ಷ ಕೊಡುವ ಹಾಗಿಲ್ಲ, ಅದಕ್ಕೆ.

ಇದನ್ನು ನಾನು ಸಣ್ಣ ವಿಷಯ ಅಂತ ಬಿಡಲಾರೆ. ತಾರೀಖು ಹಿಂದಕ್ಕೆ ಹಾಕಿದ ಅಡ್ಮಿಷನ್ ಅಂದರೆ ಸುಳ್ಳು ದಾಖಲೆ. ಅದರ ಮೇಲೆ ಸಹಿ ನಿಮ್ಮದು, ಫೋಟೋ ನಿಮ್ಮದು. ನಾಳೆ ಪರಿಶೀಲನೆ ಆದಾಗ ಆಫೀಸು ಬಾಗಿಲು ಹಾಕಿರುತ್ತದೆ, ಸಿಕ್ಕಿಬೀಳುವವರು ನೀವು. 2017ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ನಾಲ್ಕು ಡೀಮ್ಡ್ ಯೂನಿವರ್ಸಿಟಿಗಳು ಅನುಮತಿ ಇಲ್ಲದೆ ದೂರಶಿಕ್ಷಣದಲ್ಲಿ ಎಂಜಿನಿಯರಿಂಗ್ ಡಿಗ್ರಿ ಕೊಟ್ಟಿದ್ದವು. 2001ರಿಂದ 2005ರ ನಡುವೆ ಸೇರಿದವರ ಡಿಗ್ರಿ ಅಮಾನತಾಯಿತು, ಮತ್ತೆ ಪರೀಕ್ಷೆ ಬರೆದು ಪಾಸಾದರೆ ಮಾತ್ರ ಉಳಿಯುತ್ತಿತ್ತು. ಆಮೇಲೆ ಸೇರಿದವರದ್ದು ರದ್ದೇ ಆಯಿತು. ಅವರಲ್ಲಿ ಎಷ್ಟೋ ಜನ ಅಷ್ಟರಲ್ಲಿ ಕೆಲಸದಲ್ಲಿದ್ದರು, ಬಡ್ತಿ ಪಡೆದಿದ್ದರು, ಮನೆ ಸಾಲ ಮಾಡಿದ್ದರು. ಅಂಥವರು ಓದಿದ್ದು ನಿಜವೇ. ಆದರೂ ಕಾಗದ ನಿಲ್ಲಲಿಲ್ಲ. ನಿಮಗೆ ಓದಿಸುವುದೂ ಇಲ್ಲ ಅಂತಿದ್ದಾರೆ.

ಡಿಗ್ರಿ ಮೇಲೆ ‘ಡಿಸ್ಟನ್ಸ್’ ಅಂತ ಬರೆದಿರುವುದಿಲ್ಲ ಅಂತಲೂ ಹೇಳಿರಬಹುದು. ನಿಯಮದ ಪ್ರಕಾರ ಯಾವ ವಿಧಾನದಲ್ಲಿ ಕಲಿತದ್ದು ಅಂತ ನಮೂದಿಸಲೇಬೇಕು. ನಮೂದಿಸದೆ ಕೊಟ್ಟರೆ ಅದು ಇನ್ನೊಂದು ಸುಳ್ಳು. ದುಬೈ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಗಲ್ಫ್ ದೇಶಗಳಲ್ಲಿ ಆರೋಗ್ಯ ಕ್ಷೇತ್ರದ ಲೈಸೆನ್ಸ್ ಬೇಕು ಅಂದರೆ ಡೇಟಾಫ್ಲೋ ಎಂಬ ಪರಿಶೀಲನೆ ದಾಟಬೇಕು. ಅವರು ನಿಮ್ಮ ಕಾಗದ ನೋಡಿ ಸುಮ್ಮನಾಗುವುದಿಲ್ಲ. ಡಿಗ್ರಿ ಕೊಟ್ಟ ಸಂಸ್ಥೆಗೇ ನೇರವಾಗಿ ಬರೆದು ಕೇಳುತ್ತಾರೆ.

ಇನ್ನು ಈ ನಿಯಮದ ಹಿಂದಿನ ಕಾರಣಕ್ಕೆ ಬರುತ್ತೇನೆ. ನನಗೆ ಮುಖ್ಯ ಅನಿಸುವುದು ಇದೇ. ಕಾನೂನು ನಾಳೆ ಬದಲಾಗಬಹುದು. ಕೈ ಕಲಿಯುವ ರೀತಿ ಬದಲಾಗುವುದಿಲ್ಲ.

ಒಂದು ರಾತ್ರಿಯ ಮಾತು. ಎಪ್ಪತ್ತು ದಾಟಿದ ಅಜ್ಜ, ಉಸಿರು ನಿಲ್ಲುತ್ತಾ ಬಂದಿತ್ತು. ನಮ್ಮ ಒಬ್ಬ ವಿದ್ಯಾರ್ಥಿ ಮಾಸ್ಕ್ ಹಿಡಿದು ಆಂಬು ಬ್ಯಾಗ್, ಅಂದರೆ ಕೈಯಿಂದ ಗಾಳಿ ತುಂಬುವ ಚೀಲ, ಒತ್ತುತ್ತಿದ್ದ. ಥಿಯರಿಯಲ್ಲಿ ಅವನೇ ಮೊದಲಿಗ. ಹೆಬ್ಬೆರಳು, ತೋರುಬೆರಳು ಸೇರಿ ಇಂಗ್ಲಿಷ್ ‘ಸಿ’ ಆಕಾರ, ಉಳಿದ ಮೂರು ಬೆರಳು ದವಡೆ ಮೂಳೆಯ ಕೆಳಗೆ ‘ಇ’ ಆಕಾರ. ಎಲ್ಲ ಪುಸ್ತಕದಲ್ಲಿದ್ದ ಹಾಗೇ ಇತ್ತು. ಆದರೆ ಎದೆ ಏಳುತ್ತಿರಲಿಲ್ಲ. ಬ್ಯಾಗ್ ಒತ್ತಿದಾಗಲೆಲ್ಲ ಕೆನ್ನೆಯ ಪಕ್ಕದಿಂದ ಪುಸ್ ಅಂತ ಗಾಳಿ ಸೋರುತ್ತಿತ್ತು. ಅಜ್ಜನಿಗೆ ಒಂದೂ ಹಲ್ಲಿರಲಿಲ್ಲ, ಕೆನ್ನೆ ಒಳಗೆ ಹೋಗಿತ್ತು. ಮೇಲೆ ಒಂದು ವಾರದ ಗಡ್ಡ. ಮಾಸ್ಕ್ ಕೂರುವುದಕ್ಕೆ ಜಾಗವೇ ಇಲ್ಲ. ಹುಡುಗ ಇನ್ನೂ ಗಟ್ಟಿಯಾಗಿ ಒತ್ತಿದ. ಒತ್ತಿದಷ್ಟೂ ಗದ್ದ ಕೆಳಗೆ ಹೋಗಿ ಶ್ವಾಸದ ದಾರಿ ಇನ್ನೂ ಮುಚ್ಚಿತು. ನಮ್ಮ ಹಿರಿಯ ಸಿಸ್ಟರ್ ಬಂದರು, ಒಂದು ಮಾತೂ ಆಡಲಿಲ್ಲ. ಅಜ್ಜನ ಮಗನ ಕಡೆ ಕೈ ಚಾಚಿದರು. ಅವನ ಅಂಗಿ ಜೇಬಿನಲ್ಲಿ ಹಲ್ಲಿನ ಸೆಟ್ ಇತ್ತು. ಅದನ್ನು ಬಾಯಲ್ಲಿ ಕೂರಿಸಿದರು. ಎರಡೂ ಕೈಯಲ್ಲಿ ಮಾಸ್ಕ್ ಹಿಡಿದು, ಮುಖವನ್ನು ಮಾಸ್ಕ್ ಕಡೆ ಎತ್ತಿದರು. ಬ್ಯಾಗನ್ನು ಹುಡುಗನಿಗೆ ಕೊಟ್ಟರು. ಎದೆ ಎದ್ದಿತು.

ಮಾಸ್ಕನ್ನು ಮುಖಕ್ಕೆ ಒತ್ತುವುದಲ್ಲ, ಮುಖವನ್ನು ಮಾಸ್ಕಿಗೆ ಎತ್ತುವುದು. ಈ ಒಂದು ವಾಕ್ಯವನ್ನು ನಾನು ಈಗ ನಿಮಗೆ ಬರೆದು ಕಳಿಸಬಹುದು. ಅದು ನಿಮ್ಮ ಬೆರಳಿಗೆ ಇಳಿಯಬೇಕಾದರೆ ಪಕ್ಕದಲ್ಲಿ ಒಬ್ಬರು ನಿಂತು ನಿಮ್ಮ ಕೈ ಸರಿಪಡಿಸಬೇಕು. ಹತ್ತು ಸಲ, ಐವತ್ತು ಸಲ.

ನಮ್ಮ ಗದಗ, ಹಾವೇರಿ ಕಡೆಯ ಇನ್ನೊಂದು ಕೇಸು ನೀವೂ ನೋಡಿರುತ್ತೀರಿ. ಹೊಲಕ್ಕೆ ಹೊಡೆಯುವ ಎಣ್ಣೆ ಕುಡಿದವರು. ಬಾಯಲ್ಲಿ ನೊರೆ, ಮೈಯೆಲ್ಲ ಬೆವರು, ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟು ಚಿಕ್ಕದು. ಪರೀಕ್ಷೆಯಲ್ಲಿ ಕೇಳಿದರೆ ಎಲ್ಲರೂ ಇದಕ್ಕೆ ಕೊಡುವ ಮದ್ದು ‘ಅಟ್ರೋಪಿನ್’ ಅಂತ ಬರೆಯುತ್ತಾರೆ, ಮಾರ್ಕ್ಸೂ ಬರುತ್ತದೆ. ಆಂಬುಲೆನ್ಸ್‌ನಲ್ಲಿ ಆ ಮನುಷ್ಯನನ್ನು ಮೊದಲು ಕೊಲ್ಲುವುದು ಅವನದೇ ಜೊಲ್ಲು. ಸಕ್ಷನ್ ಪೈಪು ಎಷ್ಟು ಒಳಗೆ ಹಾಕಬೇಕು, ಯಾವಾಗ ಹೊರಗೆ ತೆಗೆಯಬೇಕು, ನೆನೆದ ಬಟ್ಟೆಯನ್ನು ಗ್ಲೌಸ್ ಹಾಕಿಕೊಂಡು ಹೇಗೆ ಬಿಚ್ಚಬೇಕು, ಗಾಡಿ ಕುಲುಕುತ್ತಿರುವಾಗ ಇದೆಲ್ಲ ಹೇಗೆ ಮಾಡಬೇಕು ಅನ್ನುವುದಕ್ಕೆ ಮನೆಗೆ ಬರುವ ನೋಟ್ಸ್ ಸಾಲುವುದಿಲ್ಲ.

ದೂರದಿಂದ ಏನೂ ಕಲಿಯಲಾಗದು ಅಂತ ನಾನು ಹೇಳುತ್ತಿಲ್ಲ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್‌ನ ಬಿಎಲ್‌ಎಸ್ ಕೋರ್ಸ್ ನೋಡಿ, ಅಂದರೆ ಹೃದಯ, ಉಸಿರು ನಿಂತವರ ಜೀವ ಉಳಿಸುವ ಮೂಲ ತರಬೇತಿ. ಪಾಠದ ಭಾಗವನ್ನು ಆನ್‌ಲೈನ್‌ನಲ್ಲೇ ಮುಗಿಸಬಹುದು. ಎದೆ 5 ಸೆಂಟಿಮೀಟರ್‌ನಷ್ಟಾದರೂ ಇಳಿಯಬೇಕು, 6 ದಾಟಬಾರದು, ನಿಮಿಷಕ್ಕೆ 100ರಿಂದ 120 ಸಲ, ಇವೆಲ್ಲ ಮೊಬೈಲಲ್ಲೇ ಕಲಿಯುವಂಥವು. ಆದರೆ ಗೊಂಬೆಯ ಮುಂದೆ ಮೊಣಕಾಲೂರಿ ಒತ್ತಿ ತೋರಿಸದೆ ಸರ್ಟಿಫಿಕೇಟ್ ಕೊಡುವುದಿಲ್ಲ. ಎರಡು ವರ್ಷಕ್ಕೆ ಅದರ ಅವಧಿ ಮುಗಿಯುತ್ತದೆ, ಮತ್ತೆ ಬಂದು ಒತ್ತಿ ತೋರಿಸಬೇಕು. ಒಂದೇ ದಿನದ ಕೋರ್ಸಿಗೇ ಇಷ್ಟು ಬಿಗಿ ಇರುವಾಗ, ಇಡೀ ಡಿಗ್ರಿಯನ್ನು ಅಂಚೆಯಲ್ಲಿ ಕೊಡುತ್ತೇವೆ ಅನ್ನುವವರ ಬಗ್ಗೆ ನೀವೇ ಯೋಚಿಸಿ.

“ಫಾರಿನ್‌ನಲ್ಲಿ ಎಲ್ಲ ಆನ್‌ಲೈನೇ” ಅನ್ನುವ ಮಾತೂ ಓಡಾಡುತ್ತಿದೆ. ಅದರಲ್ಲಿ ಒಂದು ಚೂರು ನಿಜ ಇದೆ. ಅಮೆರಿಕದಲ್ಲಿ ಆನ್‌ಲೈನ್ ಪ್ಯಾರಾಮೆಡಿಕ್ ಪದವಿಗಳು ಇವೆ. ಅವು ಹೆಚ್ಚಾಗಿ ಈಗಾಗಲೇ ಪ್ಯಾರಾಮೆಡಿಕ್ ಆಗಿ ಕೆಲಸ ಮಾಡುತ್ತಿರುವವರು ಮೇಲಿನ ಓದಿಗೆ, ಆಡಳಿತದ ಹುದ್ದೆಗೆ ಮಾಡಿಕೊಳ್ಳುವಂಥವು. ಹೊಸಬರಿಗೆ ಪಾಠ ಆನ್‌ಲೈನ್ ಇದ್ದರೂ ಆಸ್ಪತ್ರೆ ಮತ್ತು ಆಂಬುಲೆನ್ಸ್ ಡ್ಯೂಟಿ ಇದ್ದೇ ಇರುತ್ತದೆ. ದಕ್ಷಿಣ ಆಫ್ರಿಕಾದಲ್ಲಿ ‘ಎಮರ್ಜೆನ್ಸಿ ಮೆಡಿಕಲ್ ಕೇರ್’ ಅನ್ನುವ ಹೆಸರಿನದೇ ಡಿಗ್ರಿ ಇದೆ. ನಾಲ್ಕು ವರ್ಷ ಪೂರ್ತಿ ಕೂತು ಓದುವುದು, ಆಮೇಲೆ ಅಲ್ಲಿನ ವೃತ್ತಿ ಮಂಡಳಿಯಲ್ಲಿ ನೋಂದಣಿ. ಆಸ್ಟ್ರೇಲಿಯಾ 2018ರ ಡಿಸೆಂಬರ್‌ನಿಂದ ಪ್ಯಾರಾಮೆಡಿಕ್‌ಗಳಿಗೂ ನರ್ಸ್‌ಗಳ ಹಾಗೆ ರಾಷ್ಟ್ರಮಟ್ಟದ ನೋಂದಣಿ ತಂದಿತು. ನಮ್ಮ ಇಗ್ನೋದಲ್ಲೂ ದೂರಶಿಕ್ಷಣದ ಬಿಎಸ್‌ಸಿ ನರ್ಸಿಂಗ್ ಇತ್ತಲ್ಲ ಅಂತ ಕೆಲವರು ಕೇಳುತ್ತಾರೆ. ಇತ್ತು. ಅದು ಡಿಪ್ಲೊಮಾ ಮುಗಿಸಿ, ನೋಂದಣಿ ಆಗಿ, ವಾರ್ಡಿನಲ್ಲಿ ಕೆಲಸದಲ್ಲಿರುವ ನರ್ಸ್‌ಗಳಿಗೆ. ಪಿಯುಸಿ ಮುಗಿಸಿ ಮನೆಯಲ್ಲಿರುವವರಿಗೆ ಅಲ್ಲ.

ಇಂಥ ಆಫೀಸುಗಳು ಯಾಕೆ ಹುಟ್ಟುತ್ತವೆ ಅಂದರೆ, ನಿಮ್ಮಂಥವರು ತುಂಬಾ ಜನ ಇದ್ದಾರೆ. ಕರ್ನಾಟಕದಲ್ಲಿ 108 ಶುರುವಾಗಿದ್ದು 2008ರ ನವೆಂಬರ್ 1ರಂದು, ಆರೋಗ್ಯ ಕವಚ ಅಂತ. ಗಾಡಿ ಓಡಿಸುವವರು ಪೈಲಟ್, ಹಿಂದೆ ಇರುವವರು ಇಎಂಟಿ, ಅಂದರೆ ಎಮರ್ಜೆನ್ಸಿ ಮೆಡಿಕಲ್ ಟೆಕ್ನಿಷಿಯನ್. ಆಂಬುಲೆನ್ಸ್ ಅಂದರೆ ಬರೀ ಸಾಗಿಸುವ ಗಾಡಿ ಅಲ್ಲ ಅಂತ ಜನರಿಗೆ ಗೊತ್ತಾಗಿದ್ದೇ ಆಗ. ಅದರ ಜೊತೆ ಖಾಸಗಿ ಆಂಬುಲೆನ್ಸ್‌ಗಳೂ ಬೆಳೆದವು. ಗಬ್ಬೂರಿನಿಂದ ನರೇಂದ್ರದವರೆಗಿನ ಬೈಪಾಸ್ ಎಷ್ಟು ಜೀವ ತೆಗೆದಿದೆ ಅಂತ ನಿಮಗೆ ನಾನು ಹೇಳಬೇಕಿಲ್ಲ. ಗಾಡಿ ಬೇಕು, ಗಾಡಿಗೆ ಜನ ಬೇಕು. ಟ್ರೇನಿಂಗ್ ಆದವರು ಸಿಗದಿದ್ದಾಗ ಧೈರ್ಯ ಇರುವ ಹುಡುಗರನ್ನು ಕೂರಿಸಿದರು. ಆ ಹುಡುಗರೇ ಈಗ ನೋಂದಣಿ ಇಲ್ಲದೆ ಮುಂದೇನು ಅಂತ ಹೆದರುತ್ತಿದ್ದಾರೆ. ಹೆದರಿಕೆ ಇರುವ ಕಡೆ ಅಂಗಡಿ ತೆರೆಯುತ್ತದೆ.

ಸರಿ, ನಿಮಗೆ ಇರುವ ದಾರಿಗಳು ಏನು?

ನಿಮಗೆ ಬೇಕಾದ ಡಿಗ್ರಿ ರೆಗ್ಯುಲರ್ ಆಗಿ ಇದೆ. ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ಅಲೈಡ್ ಹೆಲ್ತ್ ಕೋರ್ಸ್‌ಗಳಲ್ಲಿ ‘ಬಿಎಸ್‌ಸಿ ಎಮರ್ಜೆನ್ಸಿ ಅಂಡ್ ಟ್ರಾಮಾ ಕೇರ್ ಟೆಕ್ನಾಲಜಿ’ ಒಂದು. ಮೂರು ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಅಲೈಡ್ ಹೆಲ್ತ್ ಸೀಟುಗಳ ಹಂಚಿಕೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ ಮೂಲಕ ನಡೆಯುತ್ತದೆ. ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಬೇಕು. ನಿಮ್ಮದು ಯಾವ ಕಾಂಬಿನೇಷನ್ ಅಂತ ಬರೆದಿಲ್ಲ. ಬಯಾಲಜಿ ಇಲ್ಲದಿದ್ದರೆ ಈ ಬಾಗಿಲು ಸದ್ಯಕ್ಕೆ ಮುಚ್ಚಿದ್ದು. ಈ ಡಿಗ್ರಿ ಎಲ್ಲ ಕಾಲೇಜಿನಲ್ಲೂ ಇಲ್ಲ. ಬ್ರೋಷರ್ ನಂಬಬೇಡಿ. ಆ ಕಾಲೇಜಿಗೆ ಈ ವರ್ಷ, ಈ ಕೋರ್ಸಿಗೆ, ಎಷ್ಟು ಸೀಟಿಗೆ ಅನುಮತಿ ಇದೆ ಅಂತ ವಿಶ್ವವಿದ್ಯಾಲಯದ ಪಟ್ಟಿಯಲ್ಲೇ ನೋಡಿ. ಇದರ ಕಷ್ಟ ನಿಮಗೆ ಗೊತ್ತಿದೆ. ನಾಲ್ಕು ವರ್ಷ ಹಗಲು ಕ್ಲಾಸು, ಹಾಜರಾತಿ ಕಡ್ಡಾಯ. ಸಂಬಳ ನಿಲ್ಲುತ್ತದೆ. ಅದಲ್ಲದೆ ಈ ಡಿಗ್ರಿಯನ್ನೇ ಕೇಳುವ ಹುದ್ದೆಗಳು ನಮ್ಮ ಭಾಗದಲ್ಲಿ ಇನ್ನೂ ಕಡಿಮೆ. ಬೆಂಗಳೂರಿನ ದೊಡ್ಡ ಆಸ್ಪತ್ರೆಗಳಲ್ಲಿ ಜಾಸ್ತಿ.

ಮನೆ ನಡೆಸುವ ಜವಾಬ್ದಾರಿ ನಿಮ್ಮ ಮೇಲಿದೆ ಅಂತ ಪತ್ರದಿಂದಲೇ ಗೊತ್ತಾಗುತ್ತದೆ. ಹಾಗಾಗಿ ನಾನು ನಿಮ್ಮ ಅಣ್ಣನಾಗಿದ್ದರೆ ಜಿಎನ್‌ಎಂ, ಅಂದರೆ ಜನರಲ್ ನರ್ಸಿಂಗ್ ಅಂಡ್ ಮಿಡ್‌ವೈಫರಿ ಡಿಪ್ಲೊಮಾ ಕಡೆ ಕೈ ತೋರಿಸುತ್ತಿದ್ದೆ. ಮೂರು ವರ್ಷ. ಪಿಯುಸಿ ಯಾವ ವಿಭಾಗದ್ದಾದರೂ ನಡೆಯುತ್ತದೆ, 26 ವಯಸ್ಸು ಅಡ್ಡಿ ಅಲ್ಲ. ಮುಗಿಸಿದ ಮೇಲೆ ನರ್ಸಿಂಗ್ ಕೌನ್ಸಿಲ್‌ನ ನೋಂದಣಿ ಸಿಗುತ್ತದೆ. 108ರಲ್ಲಿ ಇಎಂಟಿ ಆಗಿರುವವರಲ್ಲಿ ಜಿಎನ್‌ಎಂ ಮಾಡಿದವರನ್ನು ನೀವೇ ನೋಡಿರುತ್ತೀರಿ. ಕ್ಯಾಜುವಲ್ಟಿ, ಐಸಿಯು, ಆಂಬುಲೆನ್ಸ್, ಸರ್ಕಾರಿ ಹುದ್ದೆ, ಎಲ್ಲ ಕಡೆ ಬಾಗಿಲು ತೆರೆದಿರುತ್ತದೆ. ಗಂಡಸರಿಗೆ ನರ್ಸಿಂಗ್ ಯಾಕೆ ಅನ್ನುವ ಮಾತು ನಮ್ಮೂರುಗಳಲ್ಲಿ ಇನ್ನೂ ಕೇಳಿಸುತ್ತದೆ. ನಮ್ಮ ವಿಭಾಗದಲ್ಲಿ ಗಲಾಟೆ ಮಾಡುವ ಪೇಷಂಟ್ ಬಂದಾಗ, ದಪ್ಪ ಮನುಷ್ಯನನ್ನು ಎತ್ತಬೇಕಾದಾಗ ಎಲ್ಲರೂ ಹುಡುಕುವುದು ಬ್ರದರ್ ಎಲ್ಲಿ ಅಂತಲೇ.

ಪ್ಯಾರಾಮೆಡಿಕಲ್ ಬೋರ್ಡ್‌ನ ಡಿಪ್ಲೊಮಾಗಳೂ ಇವೆ. ಎಸ್ಸೆಸ್ಸೆಲ್ಸಿ ಮೇಲೆ ಮೂರು ವರ್ಷ, ಪಿಯು ಸೈನ್ಸ್ ಮೇಲೆ ಎರಡು ವರ್ಷ. ಆಪರೇಷನ್ ಥಿಯೇಟರ್, ಡಯಾಲಿಸಿಸ್, ಲ್ಯಾಬ್, ಎಕ್ಸ್‌ರೇ ಇಂಥವು. ಹುಬ್ಬಳ್ಳಿಯಲ್ಲಿ ನಾವೆಲ್ಲ ಇನ್ನೂ ಕಿಮ್ಸ್ ಅಂತಲೇ ಕರೆಯುವ ಸರ್ಕಾರಿ ಮೆಡಿಕಲ್ ಕಾಲೇಜು, ಗದಗ ಮತ್ತು ಹಾವೇರಿಯ ಸರ್ಕಾರಿ ಮೆಡಿಕಲ್ ಕಾಲೇಜುಗಳಿಗೆ ಮೊದಲು ಹೋಗಿ ವಿಚಾರಿಸಿ. ಸರ್ಕಾರಿ ಸೀಟಿನ ಫೀಸು ಮತ್ತು ಆ ಆಫೀಸಿನವರು ಕೇಳಿದ ಹಣ, ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ಇನ್ನೊಂದು ಲಾಭ, ಸರ್ಕಾರಿ ಆಸ್ಪತ್ರೆಗೆ ಬರುವಷ್ಟು ಪೇಷಂಟ್ ಬೇರೆಲ್ಲೂ ಬರುವುದಿಲ್ಲ. ಕೈ ಬೇಗ ಪಳಗುತ್ತದೆ. ಇವು ಎಮರ್ಜೆನ್ಸಿ ಡಿಗ್ರಿ ಅಲ್ಲ ನಿಜ. ಆದರೆ ಓಟಿ ಟೆಕ್ನಿಷಿಯನ್ ಆದವರು ಉಸಿರಿನ ನಳಿಕೆ ಹಾಕುವುದಕ್ಕೆ ನೆರವಾಗುವುದನ್ನು ದಿನಾ ಮಾಡುತ್ತಾರೆ.

ಕೆಲಸ ಬಿಡಲು ಆಗುವುದೇ ಇಲ್ಲ ಅಂದರೆ ಇಎಂಟಿ ಬೇಸಿಕ್ ತರಬೇತಿ ಇದೆ. ಕೆಲವು ತಿಂಗಳದ್ದು, ಹೆಲ್ತ್‌ಕೇರ್ ಸೆಕ್ಟರ್ ಸ್ಕಿಲ್ ಕೌನ್ಸಿಲ್ ಪಠ್ಯದ್ದು. ಸೇರುವ ಮೊದಲು ಒಂದೇ ಪ್ರಶ್ನೆ ಕೇಳಿ: “ಆಸ್ಪತ್ರೆ ಡ್ಯೂಟಿ ಎಷ್ಟು ಗಂಟೆ, ಎಲ್ಲಿ?” ಉತ್ತರ ತಡವರಿಸಿದರೆ ಎದ್ದು ಬನ್ನಿ. ಇದು ಡಿಗ್ರಿಗೆ ಸಮ ಅಲ್ಲ, ಹಾಗಂತ ಯಾರಾದರೂ ಹೇಳಿದರೆ ನಂಬಬೇಡಿ. 2021ರ ಕಾಯ್ದೆಯ ಪ್ರಕಾರ ಅಲೈಡ್ ಹೆಲ್ತ್ ವೃತ್ತಿಯ ಓದು ಕನಿಷ್ಠ 2000 ಗಂಟೆ, ಎರಡರಿಂದ ನಾಲ್ಕು ವರ್ಷದಲ್ಲಿ ಹಂಚಿರಬೇಕು. ದಿನಕ್ಕೆ 8 ಗಂಟೆ ಅಂದರೂ 250 ದಿನ. ಮೂರು ತಿಂಗಳ ಕೋರ್ಸು ಆ ಲೆಕ್ಕಕ್ಕೆ ಮುಟ್ಟುವುದಿಲ್ಲ. ಆದರೆ ನೀವು ಇವತ್ತು ಮಾಡುತ್ತಿರುವ ಕೆಲಸವನ್ನು ನಾಳೆಯೇ ಉತ್ತಮಗೊಳಿಸುವ ಶಕ್ತಿ ಅದಕ್ಕಿದೆ. ಬಿಎಲ್‌ಎಸ್ ಅಂತೂ ಯಾವುದಕ್ಕೂ ಕಾಯದೆ ಈ ತಿಂಗಳೇ ಮಾಡಿ.

ದೂರಶಿಕ್ಷಣ ನಿಮಗೆ ಬೇಡವೇ ಬೇಡ ಅಂತಲೂ ಅಲ್ಲ. ‘ಯಾವುದಾದರೂ ಪದವಿ’ ಕೇಳುವ ಸರ್ಕಾರಿ ಪರೀಕ್ಷೆ ಬರೆಯುವ ಆಸೆ ಇದ್ದರೆ ಬಿಎ, ಬಿಕಾಂ ಮಾಡಿ. ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದ ಪ್ರಾದೇಶಿಕ ಕೇಂದ್ರ ಧಾರವಾಡದಲ್ಲೇ ಇದೆ. ಒಂದು ರೆಗ್ಯುಲರ್ ಕೋರ್ಸ್ ಜೊತೆ ಒಂದು ದೂರಶಿಕ್ಷಣದ ಡಿಗ್ರಿ ಒಟ್ಟಿಗೆ ಮಾಡಲು 2022ರಿಂದ ಯುಜಿಸಿ ಒಪ್ಪಿದೆ. ದೂರಶಿಕ್ಷಣಕ್ಕೆ ಸೇರುವಾಗ ಈಗ ಡೆಬ್ ಐಡಿ ಅಂತ ಒಂದು ಗುರುತಿನ ಸಂಖ್ಯೆಯನ್ನು ನೀವೇ ಯುಜಿಸಿ ಪೋರ್ಟಲ್‌ನಲ್ಲಿ ಮಾಡಿಸಿಕೊಳ್ಳಬೇಕು. ಅದನ್ನು ಕೇಳದೆ ಹಣ ಕೇಳುವವರಿಂದ ದೂರ ಇರಿ. ಯಾವ ಯೂನಿವರ್ಸಿಟಿಗೆ, ಯಾವ ಕೋರ್ಸಿಗೆ, ಯಾವ ಅವಧಿಗೆ ಅನುಮತಿ ಅಂತ ಅದೇ ಪೋರ್ಟಲ್‌ನಲ್ಲಿ ಪಟ್ಟಿ ಇದೆ, ಹತ್ತು ನಿಮಿಷದ ಕೆಲಸ.

ಫೀಸಿನ ಚಿಂತೆಗೆ ಒಂದು ಮಾತು. ರೆಗ್ಯುಲರ್ ಕೋರ್ಸ್ ಸೇರಿದರೆ ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಬಹುದು. ಹಿಂದುಳಿದ ವರ್ಗದವರಾದರೆ ಊಟ, ವಸತಿಗೆ ನೆರವು ಕೊಡುವ ವಿದ್ಯಾಸಿರಿ, ಇಲ್ಲ ಮೆಟ್ರಿಕ್ ನಂತರದ ಹಾಸ್ಟೆಲ್. ಡಿಸ್ಟನ್ಸ್ ಅಂತ ಏಜೆಂಟರಿಗೆ ಕೊಟ್ಟ ಹಣಕ್ಕೆ ಇದ್ಯಾವುದೂ ಸಿಗುವುದಿಲ್ಲ.

ಈಗ ತುರ್ತಾಗಿ ಆಗಬೇಕಾದದ್ದು ಮಾರ್ಕ್ಸ್ ಕಾರ್ಡ್. 15 ಸಾವಿರಕ್ಕಿಂತ ಅದು ದೊಡ್ಡದು. ಅದು ಕೈಯಲ್ಲಿಲ್ಲದೆ ಯಾವ ಕೋರ್ಸಿಗೂ ಅರ್ಜಿ ಮುಂದಕ್ಕೆ ಹೋಗುವುದಿಲ್ಲ. ನಾಳೆಯೇ ಹೋಗಿ. ಒಬ್ಬರೇ ಹೋಗಬೇಡಿ, ಊರಿನ ಒಬ್ಬ ಹಿರಿಯರನ್ನು ಜೊತೆಗೆ ಕರೆದುಕೊಳ್ಳಿ. ಜಗಳ ಬೇಡ. “ಬೇರೆ ಕಡೆ ವೆರಿಫಿಕೇಶನ್ ಇದೆ, ಒರಿಜಿನಲ್ ಬೇಕು” ಅನ್ನಿ ಸಾಕು. ಕೊಡದಿದ್ದರೆ ಪೊಲೀಸ್ ಠಾಣೆಯಲ್ಲಿ ಲಿಖಿತ ದೂರು ಕೊಡಿ, ಒರಿಜಿನಲ್ ಇಟ್ಟುಕೊಳ್ಳುವ ಹಕ್ಕು ಮಾನ್ಯತೆ ಇರುವ ಕಾಲೇಜಿಗೂ ಇಲ್ಲ. ಅಡ್ವಾನ್ಸ್ ವಾಪಸ್ ಬೇಕು ಅಂತ ಒಂದು ಪತ್ರ ಬರೆದು ರಿಜಿಸ್ಟರ್ಡ್ ಅಂಚೆಯಲ್ಲಿ ಹಾಕಿ. ಫೋನ್‌ಪೇ ಮಾಡಿದ್ದರೆ ಸ್ಕ್ರೀನ್‌ಶಾಟ್, ಅವರು ಕಳಿಸಿದ ವಾಟ್ಸಾಪ್ ಮೆಸೇಜು, ಅದರಲ್ಲೂ ‘ಹಿಂದಿನ ವರ್ಷದ ಅಡ್ಮಿಷನ್’ ಅಂತ ಬರೆದದ್ದೇನಾದರೂ ಇದ್ದರೆ ಅಳಿಸಬೇಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅಲ್ಲಿಂದಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ. ಹಣ ಪೂರ್ತಿ ಬರುತ್ತದೆ ಅಂತ ನಾನು ಭರವಸೆ ಕೊಡಲಾರೆ. ಇಂಥ ಕಡೆ ಕೊಟ್ಟ ಅಡ್ವಾನ್ಸ್ ಕಳಕೊಂಡವರನ್ನು ನೋಡಿದ್ದೇನೆ. ಆದರೆ 15 ಸಾವಿರ ಹೋಯಿತು ಅಂತ ಅದನ್ನು ಉಳಿಸಲು ಇನ್ನೊಂದು ಲಕ್ಷ ಹಾಕಬೇಡಿ.

ಇನ್ನು ಆ ಹುಡುಗನ ವಿಷಯ.

ನೀವು ಮಗ್ಗುಲಿಗೆ ತಿರುಗಿಸಿದ್ದು ಸರಿ. ಎಚ್ಚರ ಇಲ್ಲದವನು ಅಂಗಾತ ಮಲಗಿ ವಾಂತಿ ಮಾಡಿಕೊಂಡರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಕುತ್ತಿಗೆಯ ಮೂಳೆ ಮುರಿದಿದೆಯೋ ಇಲ್ಲವೋ ಗೊತ್ತಿಲ್ಲ, ಉಸಿರು ಕಟ್ಟುತ್ತಿರುವುದು ಕಣ್ಣೆದುರೇ ಇದೆ. ಆಗ ಮೊದಲು ಉಸಿರು. ಬೈದವರ ಮಾತಲ್ಲಿ ಅರ್ಧ ಸತ್ಯ ಇದೆ. ತಿರುಗಿಸಬಾರದು ಅಂತಲ್ಲ, ಹೇಗೆ ತಿರುಗಿಸಬೇಕು ಅನ್ನುವುದು ಮುಖ್ಯ. ತಲೆ, ಕುತ್ತಿಗೆ, ಬೆನ್ನು ಒಂದೇ ಮರದ ದಿಮ್ಮಿಯ ಹಾಗೆ ಒಟ್ಟಿಗೆ ಹೊರಳಬೇಕು. ಇಬ್ಬರಿದ್ದರೆ ಒಬ್ಬರು ಬರೀ ತಲೆ ಹಿಡಿಯುವುದು, ಎಣಿಸುವುದೂ ಅವರೇ. ಪೇಷಂಟನ್ನು ಮಲಗಿಸುವ ಬೋರ್ಡಿಗೆ ಬೆಲ್ಟ್ ಹಾಕಿ ಕಟ್ಟಿದ್ದರೆ ಬೋರ್ಡನ್ನೇ ಓರೆ ಮಾಡಿ.

ನೀವು ಹಿಂದೆ ಒಬ್ಬರೇ ಇದ್ದಿರಿ ಅನಿಸುತ್ತದೆ. ಒಬ್ಬರೇ ಇದ್ದಾಗ ಹೀಗೆ ಮಾಡಿ. ಯಾವ ಕಡೆ ಹೊರಳಿಸುತ್ತೀರೋ ಆ ಕಡೆಯ ಕೈಯನ್ನು ತಲೆಯ ಪಕ್ಕ ನೇರ ಮೇಲಕ್ಕೆ ಚಾಚಿಸಿ. ಆಚೆ ಬದಿಯ ಮೊಣಕಾಲು ಮಡಚಿ. ನಿಮ್ಮ ಒಂದು ಅಂಗೈ ಅವನ ಕುತ್ತಿಗೆ ಮತ್ತು ತಲೆಯ ಹಿಂದೆ ಇರಲಿ. ಇನ್ನೊಂದು ಕೈಯಿಂದ ಆ ಮೊಣಕಾಲನ್ನು ನಿಮ್ಮ ಕಡೆ ಎಳೆಯಿರಿ. ಮೈ ತಾನಾಗಿ ಹೊರಳುತ್ತದೆ. ಚಾಚಿದ ಕೈ ತಲೆಗೆ ದಿಂಬಿನ ಹಾಗೆ ಸಿಗುತ್ತದೆ, ಕುತ್ತಿಗೆ ಕೆಳಗೆ ಜೋಲುವುದಿಲ್ಲ. ಬಾಯಿ ಕೆಳಮುಖ ಆಗಿರಲಿ, ಒಳಗಿರುವುದನ್ನು ಸಕ್ಷನ್‌ನಿಂದ ತೆಗೆಯಿರಿ, ಮತ್ತೆ ಉಸಿರು ನೋಡಿ. ಇವತ್ತು ಡ್ಯೂಟಿ ಮುಗಿದ ಮೇಲೆ ನಿಮ್ಮ ಡ್ರೈವರನ್ನು ಚಾಪೆ ಮೇಲೆ ಮಲಗಿಸಿ ಹತ್ತು ಸಲ ಮಾಡಿ ನೋಡಿ. ಆಮೇಲೆ ನೀವು ಮಲಗಿ, ಅವರಿಂದ ಮಾಡಿಸಿ.